ಮನೇಲಿ ಕೇಳಿ ಹೇಳ್ತೀನಿ

ನಮ್ಮ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಜಾಹೀರಾತುಗಳ ಕಾಗುಣಿತ ನೋಡುವ ಕೆಲಸವೂ ನನ್ನದೇ. ಜಿಲ್ಲಾ ಪುಟದ ಸುದ್ದಿಗಳನ್ನು ತಿದ್ದುತ್ತಿರುವಾಗ, ಮಧ್ಯಾಹ್ನದ ಹೊತ್ತಿಗೆ, ಜಾಹೀರಾತು ವಿಭಾಗದವರು ತಂದಿಡುತ್ತಾರೆ. ‘ಶ್ರದ್ಧಾಂಜಲಿ’ಯ ಮಹಾಪ್ರಾಣ, ‘ದುಃಖತಪ್ತ’ದ ವಿಸರ್ಗ, ಅಳಿಯಂದಿರ ಹೆಸರು ಇಷ್ಟನ್ನು ನೋಡಿ ಕಳಿಸುತ್ತೇನೆ. ವಿಷಯವನ್ನು ತಿದ್ದುವಂತಿಲ್ಲ. ಅದು ಮನೆಯವರ ಮಾತು.

ಹೋದ ತಿಂಗಳು ಬಂದ ಒಂದು ಜಾಹೀರಾತಿನಲ್ಲಿ ಕಾಗುಣಿತದ ತಪ್ಪು ಇರಲಿಲ್ಲ. ತಪ್ಪು ಬೇರೆ ಕಡೆ ಇತ್ತು. ಭಾವಚಿತ್ರದ ಕೆಳಗೆ, ಹೆಸರು ಆದ ಮೇಲೆ, ‘ನಿವೃತ್ತ ಬ್ಯಾಂಕ್ ಮ್ಯಾನೇಜರ್, ಭದ್ರಾವತಿ ಶಾಖೆ’ ಎಂದಿತ್ತು.

ಅವರು ಮ್ಯಾನೇಜರ್ ಆಗಿರಲಿಲ್ಲ. ಇದು ನನಗೆ ಗೊತ್ತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಎಷ್ಟೋ ವರ್ಷ ನಾನು ಅವರ ಮುಂದಿನ ಸೀಟಿನಲ್ಲಿ ಕೂತಿದ್ದೇನೆ. ಆ ಕುರ್ಚಿಗೆ ಅವರು ಕಾದದ್ದು, ಅದು ಅವರ ಹತ್ತಿರ ಬಂದದ್ದು, ಬಂದು ಹೋದದ್ದು ಎಲ್ಲವೂ ಬಸ್ಸಿನಲ್ಲೇ ನಡೆಯಿತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಮ್ಮೆ ಮಹಿಳಾ ದಿನದ ಪುರವಣಿಗೆ ಅವರ ಬಗ್ಗೆ ಬರೆಯುತ್ತೇನೆಂದು ಕೇಳಿದ್ದೆ. “ಬೇಡ ಮಾರಾಯ್ತಿ. ನೀನು ಬರೀತೀಯ, ನಮ್ಮ ಬ್ಯಾಂಕಿನ ಎಂ.ಡಿ. ಓದ್ತಾರೆ, ಓದಿ ದೀಪ ಹಚ್ಚಿ ಉದ್ಘಾಟನೆ ಮಾಡ್ತಾರೆ. ಉದ್ಘಾಟನೆ ಆಗಿದ್ದು ಯಾವುದು ಉಳಿದಿದೆ ಹೇಳು?” ಅಂದಿದ್ದರು. ನಾನು ಬರೆಯಲಿಲ್ಲ. ಆದರೂ ಉದ್ಘಾಟನೆ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಅವರದು ಒಂದು ಸಹಕಾರಿ ಬ್ಯಾಂಕು. ಕೇಂದ್ರ ಕಚೇರಿ ಶಿವಮೊಗ್ಗದಲ್ಲಿ, ಶಾಖೆಗಳು ಸುತ್ತಲಿನ ಊರುಗಳಲ್ಲಿ. ಅವರು ಕೇಂದ್ರ ಕಚೇರಿಯಲ್ಲಿ ಅಧಿಕಾರಿ. ಮನೆ ಭದ್ರಾವತಿಯ ಹೊಸಮನೆಯಲ್ಲಿ. ಕುಳ್ಳಗಿನ ಆಳು. ಗಂಜಿ ಹಾಕಿದ ಕಾಟನ್ ಸೀರೆ, ಬಲಗೈಯಲ್ಲಿ ಯಾವಾಗಲೂ ಕನ್ನಡಕದ ಸ್ಟೀಲಿನ ಡಬ್ಬಿ. ಅದನ್ನು ಬ್ಯಾಗಿನೊಳಗೆ ಇಡುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಮುಂದೆ ಕೂತವರಲ್ಲಿ ಯಾರಾದರೂ ಅವರಿಗೆ ಸರಿ ಕಾಣದ ಮಾತಾಡಿದರೆ, ಆ ಡಬ್ಬಿಯಿಂದ ನಮ್ಮ ಸೀಟಿನ ಕಂಬಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ಬಡಿದರೆ ತಿರುಗಬೇಕು. ಬೈಗುಳ ಚಿಕ್ಕದಾಗಿರುತ್ತಿತ್ತು. ಬೈದ ಮೇಲೆ ಕಿಟಕಿಯ ಆಚೆ ನೋಡುತ್ತಿದ್ದರು.

ಅವರ ಜೊತೆ ಅದೇ ಬ್ಯಾಂಕಿನ ಇಬ್ಬರು ಹತ್ತುತ್ತಿದ್ದರು. ನಸೀಮಾ ಕ್ಯಾಷ್ ಕೌಂಟರಿನವರು, ಬಾಯಿ ಜೋರು. ಸೆಲ್ವಿ ಚಿಕ್ಕವಳು. ಅವಳ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ಕನ್ನಡ, ಲೆಕ್ಕ ಮಾತ್ರ ಇಂಗ್ಲಿಷಿನಲ್ಲಿ. ನಾನು ಬ್ಯಾಂಕಿನವಳಲ್ಲ. ಒಂದೇ ಬಸ್ಸು, ಒಂದೇ ಹೊತ್ತು ಅನ್ನುವುದು ಬಿಟ್ಟರೆ ಆ ಗುಂಪಿಗೆ ನಾನು ಯಾವ ರೀತಿಯಲ್ಲೂ ಸೇರಿದವಳಲ್ಲ. ನಸೀಮಾ ನನ್ನನ್ನು “ಏನ್ ಪೇಪರ್ನೋರೇ” ಎಂದು ಕರೆಯುತ್ತಿದ್ದರು.

ಗುಂಪು ಎಂಬ ಪದವನ್ನು ಹಿಂದಿನ ಸೀಟಿನ ಅವರು ಬಳಸುತ್ತಿರಲಿಲ್ಲ. ಬಸ್ಸು ಅನ್ನುತ್ತಿದ್ದರು. “ಇದನ್ನ ಬಸ್ಸಲ್ಲಿ ಮಾತಾಡಾಣ.” ಇದಕ್ಕೆ ಒಂದು ಕಾರಣವಿತ್ತು. ಅವರ ಬ್ಯಾಂಕಿನ ಹಿಂದಿನ ಓಣಿಯಲ್ಲಿ ಒಂದು ಟೀ ಅಂಗಡಿ ಇದೆ. ಸಂಜೆ ಕೆಲಸ ಮುಗಿದ ಮೇಲೆ ಗಂಡಸರೆಲ್ಲ ಅಲ್ಲಿ ನಿಲ್ಲುತ್ತಿದ್ದರು. ಯಾರು ಯಾವ ಶಾಖೆಗೆ ಹೋಗಬೇಕು, ಯಾರ ರಜೆ ಯಾವಾಗ, ಎಂ.ಡಿ.ಗೆ ಯಾರ ಮೇಲೆ ಮುನಿಸು, ಎಲ್ಲ ಅಲ್ಲಿ ಅರ್ಧ ಗ್ಲಾಸಿನ ಟೀ ಮುಗಿಯುವುದರೊಳಗೆ ತೀರ್ಮಾನವಾಗುತ್ತಿತ್ತು. ಎಂ.ಡಿ.ಯೂ ಕೆಲವು ದಿನ ಬಂದು ನಿಲ್ಲುತ್ತಿದ್ದರು. ಹೆಂಗಸರು ಆ ಹೊತ್ತಿಗೆ ಸೀರೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಿರುತ್ತಿದ್ದರು. ಮಾರನೆಯ ದಿನದ ಸಭೆಯಲ್ಲಿ ಅವರಿಗೆ ಗೊತ್ತಾಗುತ್ತಿದ್ದದ್ದು ಮುಗಿದುಹೋದ ವಿಷಯ.

“ಅವರಿಗೆ ಟೀ ಅಂಗಡಿ, ನಮಗೆ ಬಸ್ಸು. ಅವರು ನಿಂತ್ಕೊಂಡು ಮಾತಾಡ್ತಾರೆ, ನಾವು ಕೂತ್ಕೊಂಡು ಮಾತಾಡ್ತೀವಿ. ನಮಗೇ ಅನುಕೂಲ,” ಅನ್ನುತ್ತಿದ್ದರು. ನಗುತ್ತಿರಲಿಲ್ಲ.

ಅವರು ಹೇಳುತ್ತಿದ್ದದ್ದರಲ್ಲಿ ಧೈರ್ಯ, ಸ್ಫೂರ್ತಿ ಇಂಥ ಪದಗಳು ಇರುತ್ತಿರಲಿಲ್ಲ. ಸಾಲ ವಿಭಾಗ ಅನ್ನುವುದೊಂದೇ. ಆ ಬ್ಯಾಂಕಿನಲ್ಲಿ ಹೆಂಗಸರಿಗೆ ಕ್ಯಾಷ್ ಕೊಡುತ್ತಿದ್ದರು, ಠೇವಣಿ ಕೊಡುತ್ತಿದ್ದರು, ಲಾಕರ್ ಕೊಡುತ್ತಿದ್ದರು. ಸಾಲ ವಿಭಾಗ ಕೊಡುತ್ತಿರಲಿಲ್ಲ. ಸಾಲ ಅಂದರೆ ಅಡಿಕೆ ಮಂಡಿಗೆ, ರೈಸ್ ಮಿಲ್ಲಿಗೆ ಹೋಗಿ ಸ್ಥಳ ನೋಡಬೇಕು, ಹೆಣ್ಣುಮಕ್ಕಳು ಎಲ್ಲಿ ಓಡಾಡುತ್ತಾರೆ ಎಂಬ ಕಾಳಜಿ. ಸಾಲ ವಿಭಾಗ ನೋಡದವರನ್ನು ಮ್ಯಾನೇಜರ್ ಮಾಡುವುದಿಲ್ಲ ಎಂಬುದು ಇನ್ನೊಂದು ನಿಯಮ. “ಎರಡು ನಿಯಮಾನೂ ಬೇರೆ ಬೇರೆ ಓದಿದ್ರೆ ಒಳ್ಳೇವೇ. ಒಟ್ಟಿಗೆ ಓದು, ಬಾಗಿಲು ಹಾಕಿರೋದು ಕಾಣುತ್ತೆ,” ಎಂದು ಒಮ್ಮೆ ಹೇಳಿದ್ದರು.

ಅವರೇ ಎಷ್ಟೋ ವರ್ಷ ಕಾದಾಡಿ ಸಾಲ ವಿಭಾಗಕ್ಕೆ ಹೋಗಿದ್ದರು. ಆದರೂ ಭದ್ರಾವತಿ ಶಾಖೆಯ ಕುರ್ಚಿ ಸಿಗಲಿಲ್ಲ. ಸಿಕ್ಕಿದ್ದು ‘ಇನ್‌ಚಾರ್ಜ್’. ಅಲ್ಲಿನ ಮ್ಯಾನೇಜರ್ ರಜೆ ಹಾಕಿದಾಗಲೆಲ್ಲ ಇವರನ್ನು ಶಿವಮೊಗ್ಗದಿಂದ ಅಲ್ಲಿಗೆ ಕಳಿಸುತ್ತಿದ್ದರು. ಆ ದಿನಗಳಲ್ಲಿ ಬಸ್ಸಿನಲ್ಲಿ ಅವರ ಸೀಟು ಖಾಲಿ. “ಇವತ್ತು ಅಕ್ಕ ರಾಜ್ಯ ಆಳ್ತಾ ಇದಾರೆ,” ಎಂದು ನಸೀಮಾ ಆ ಸೀಟಿನ ಮೇಲೆ ತಮ್ಮ ಬ್ಯಾಗು ಇಡುತ್ತಿದ್ದರು. ಮ್ಯಾನೇಜರ್ ಹೋಗುವಾಗ ಮೇಜಿನ ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಒಯ್ಯುತ್ತಿದ್ದರಂತೆ. ಇವರು ಮದುವೆಗೋ ತಿರುಪತಿಗೋ ಹೋದ ಆ ಮನುಷ್ಯನ ಬೀಗ ಹಾಕಿದ ಮೇಜಿನ ಮುಂದೆ ಕೂತು ಶಾಖೆ ನಡೆಸಿ ಬರುತ್ತಿದ್ದರು.

“ಇನ್‌ಚಾರ್ಜ್ ಅಂದ್ರೆ ಏನಕ್ಕ?” ಎಂದು ಸೆಲ್ವಿ ಕೇಳಿದ್ದಳು, ಕೆಲಸಕ್ಕೆ ಸೇರಿದ ಹೊಸದರಲ್ಲಿ.

“ಚಾರ್ಜ್ ಇರುತ್ತೆ, ಪವರ್ ಇರಲ್ಲ.”

ಅವರು ಬಸ್ಸಿನಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿದ್ದ ಒಂದು ವಾಕ್ಯವಿತ್ತು. ‘ಮನೇಲಿ ಕೇಳಿ ಹೇಳ್ತೀನಿ.’ ಬ್ಯಾಂಕಿನಲ್ಲಿ ಒಬ್ಬ ಹೆಂಗಸಿಗೆ ಹೊಸ ಜವಾಬ್ದಾರಿಯ ಮಾತು ಬಂದರೆ ಸಾಮಾನ್ಯವಾಗಿ ಬರುತ್ತಿದ್ದ ಉತ್ತರ ಅದು. ಹೇಳಿದವರಿಗೆ ಅದು ಮರ್ಯಾದೆಯ ಮಾತು, ಒಂದು ರಾತ್ರಿಯ ಅವಕಾಶ ಅಷ್ಟೇ. ಕೇಳಿಸಿಕೊಂಡವರಿಗೆ ಅದು ‘ಬೇಡ’. ಮಾರನೆಯ ಬೆಳಿಗ್ಗೆ ಅವಳು ಗಂಡನನ್ನು, ಅತ್ತೆಯನ್ನು, ಮಕ್ಕಳ ಟ್ಯೂಷನ್ನನ್ನು ಎಲ್ಲ ಹೊಂದಿಸಿಕೊಂಡು ‘ಆಗುತ್ತೆ ಸರ್’ ಎಂದು ಹೇಳಲು ಹೋಗುವಷ್ಟರಲ್ಲಿ ಟೀ ಅಂಗಡಿಯಲ್ಲಿ ನಿಂತಿದ್ದ ಯಾರೋ ‘ಆಯ್ತು ಸರ್’ ಅಂದಾಗಿರುತ್ತಿತ್ತು.

“ಅವನು ಮನೇಲಿ ಕೇಳಲ್ವಾ? ಅವನೂ ಕೇಳ್ತಾನೆ. ಆಯ್ತು ಅಂದ್ಮೇಲೆ ಕೇಳ್ತಾನೆ,” ಅನ್ನುತ್ತಿದ್ದರು. “ನೀವೂ ಮೊದ್ಲು ಆಯ್ತು ಅನ್ನಿ. ಆಮೇಲೆ ಮನೇಲಿ ಕೇಳಿ, ಅಳಿ, ಜಗಳ ಆಡಿ, ಏನ್ ಬೇಕಾದ್ರೂ ಮಾಡ್ಕಳಿ.”

ಸೆಲ್ವಿಗೆ ಇದನ್ನು ಅಭ್ಯಾಸ ಮಾಡಿಸುತ್ತಿದ್ದರು. ಮಲವಗೊಪ್ಪ ದಾಟುವಾಗ ಇದ್ದಕ್ಕಿದ್ದ ಹಾಗೆ ಹಿಂದಿನಿಂದ ಗಂಡಸಿನ ದನಿ ಮಾಡಿ, “ಏನ್ರೀ ಸೆಲ್ವಿ, ಸಾಗರ ಬ್ರಾಂಚ್ ನೋಡ್ಕೊಳ್ತೀರಾ?” ಎಂದು ಕೇಳುವರು. ಅವಳು ತಕ್ಷಣ “ಆಯ್ತು ಸರ್” ಅನ್ನಬೇಕು. “ಸಾಗರನಾ?” ಎಂದು ಒಮ್ಮೆ ಹೌಹಾರಿದ್ದಕ್ಕೆ ಕಂಬಿಗೆ ಡಬ್ಬಿ ಬಿತ್ತು. “ಸಾಗರ ಚಂದ್ರಲೋಕದಲ್ಲಿ ಇಲ್ಲ. ಬಸ್ಸಿದೆ.”

ಈ ನಿಯಮ ಎಲ್ಲರಿಗೂ ಹೊಂದುತ್ತಿರಲಿಲ್ಲ. ಅದು ನಿಯಮ ಮಾಡಿದ ಅವರಿಗೆ ಬೇಗ ಅರ್ಥವಾಗುತ್ತಿರಲಿಲ್ಲ. ನಸೀಮಾ ಅವರನ್ನು ಅಧಿಕಾರಿಯ ಪರೀಕ್ಷೆಗೆ ಕೂರಿಸಬೇಕೆಂದು ಒಂದಿಡೀ ಮಳೆಗಾಲ ಹಿಂದೆ ಬಿದ್ದಿದ್ದರು. ನಸೀಮಾ ಒಂದು ದಿನ ತಿರುಗಿ ಕೂತರು. “ಅಕ್ಕ, ನಮ್ಮತ್ತೆ ಹಾಸಿಗೆ ಹಿಡಿದು ಎಷ್ಟು ದಿನ ಆಯ್ತು ಗೊತ್ತಾ? ಟ್ರಾನ್ಸ್‌ಫರ್ ಆದ್ರೆ ಅವರ ಮೈ ಒರೆಸೋರು ಯಾರು, ನಿಮ್ಮ ಎಂ.ಡಿ.ನಾ? ಎಲ್ಲರ ಮನೇನೂ ನಿಮ್ಮ ಮನೆ ಥರ ಇರಲ್ಲ.” ಬಸ್ಸಿನಲ್ಲಿ ಎಲ್ಲರಿಗೂ ಕೇಳಿಸಿತು. ಆ ವಾರ ಅವರು ಡಬ್ಬಿ ಬಡಿಯಲಿಲ್ಲ. ಸೋಮವಾರ ತಾವೇ ನಸೀಮಾ ಅವರ ಪಕ್ಕದಲ್ಲಿ ಕೂತು ಕಿತ್ತಳೆ ಹಣ್ಣು ಬಿಡಿಸಿ ಅರ್ಧ ಕೊಟ್ಟರು. ನಸೀಮಾ ತಿಂದು, “ಹುಳಿ,” ಅಂದರು. ಅಲ್ಲಿಗೆ ಅದು ಮುಗಿಯಿತು. ಪರೀಕ್ಷೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಮೂರು ಜನರಲ್ಲಿ ಒಬ್ಬರು ಮೇಲೆ ಹೋಗುವುದಿಲ್ಲ ಎಂದು ಅವರು ಒಪ್ಪಿಕೊಂಡದ್ದು ಆ ದಿನ ಇರಬೇಕು.

ಸೆಲ್ವಿ ಪರೀಕ್ಷೆ ಪಾಸು ಮಾಡಿದಳು. ಅವಳನ್ನು ಸಾಲ ವಿಭಾಗಕ್ಕೆ ಹಾಕಿಸಲು ಇವರು ಎಂ.ಡಿ. ಕೋಣೆಗೆ ಎಷ್ಟು ಸಲ ಹೋದರೋ ನಾನು ನೋಡಿಲ್ಲ. ಕೊನೆಗೆ ಹಾಕಿದರು. ಮೊದಲ ಸ್ಥಳ ಪರಿಶೀಲನೆ ಹೊಳೆಹೊನ್ನೂರಿನ ಕಡೆಯ ಒಂದು ರೈಸ್ ಮಿಲ್ಲಿಗೆ. ಜೊತೆಗೆ ಬರಬೇಕಾದ ಗುಮಾಸ್ತ ಆ ದಿನ ಬೆಳಿಗ್ಗೆ ಹೊಟ್ಟೆನೋವು ಎಂದು ರಜೆ ಹಾಕಿದ. ಇವರು ತಾವೂ ರಜೆ ಹಾಕಿ ಸೆಲ್ವಿಯ ಸ್ಕೂಟಿಯ ಹಿಂದೆ ಕೂತು ಹೊರಟರು. ಸ್ಕೂಟಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಬಿಸಿಲಿಗೆಂದು ಬಿಚ್ಚಿದ ಕೊಡೆ ಗಾಳಿಗೆ ಉಲ್ಟಾ ಆಗಿ, ಹೊಳೆಹೊನ್ನೂರು ತಲುಪುವವರೆಗೂ ಕಣ್ಣು ಮುಚ್ಚಿಕೊಂಡಿದ್ದರಂತೆ.

ಮಿಲ್ಲಿನ ಮಾಲೀಕರು ಒಳ್ಳೆಯವರು. ಕುರ್ಚಿ ಹಾಕಿಸಿ ಕಾಫಿ ಕೊಟ್ಟರು. ಕಾಫಿ ಮುಗಿದ ಮೇಲೆ ರಸ್ತೆಯ ಕಡೆ ನೋಡಿ, “ಸಾಹೇಬ್ರು ಯಾವಾಗ ಬರ್ತಾರೆ ಮೇಡಂ?” ಎಂದು ಕೇಳಿದರು. ಸೆಲ್ವಿ ತಲೆ ತಗ್ಗಿಸಿದಳು. ಇವರು ಕೊಡೆ ಸರಿ ಮಾಡಿಕೊಳ್ಳುತ್ತಾ, ಮುಖ ಎತ್ತದೆ, “ಬಂದಾಗಿದೆ. ನಿಮ್ಮ ಕಾಫಿ ಕುಡಿದಿದ್ದು ಅವರೇ,” ಅಂದರು.

ಈ ಕತೆಯನ್ನು ಸೆಲ್ವಿ ಬಸ್ಸಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಅವರು ಮೊಣಕಾಲು ಒತ್ತಿಕೊಳ್ಳುತ್ತಾ, “ಲೋನ್ ಕೊಟ್ಯಾ ಇಲ್ವಾ ಅದನ್ನ ಹೇಳು,” ಅಂದರು. ಕೊಟ್ಟಿರಲಿಲ್ಲ. ಮಿಲ್ಲಿನ ಯಂತ್ರ ಹಳೆಯದಾಗಿತ್ತು. “ಸರಿ,” ಅಂದರು.

ಉದ್ಘಾಟನೆಯ ವಿಷಯ. ಅವರ ಬ್ಯಾಂಕಿನ ಆಡಳಿತ ಮಂಡಳಿಗೆ ಮಹಿಳೆಯರಿಗಾಗಿ ಏನಾದರೂ ಮಾಡಬೇಕು ಅನ್ನಿಸಿತು. ಮಹಿಳಾ ವೇದಿಕೆ ಎಂದು ಒಂದು ಆಯಿತು. ನಮ್ಮ ಪತ್ರಿಕೆಯ ಪರವಾಗಿ ನಾನೇ ವರದಿಗೆ ಹೋಗಿದ್ದೆ. ವೇದಿಕೆಯ ಮೇಲೆ ಕೂತವರಲ್ಲಿ ಹೆಂಗಸರು ಇಬ್ಬರು. ಒಬ್ಬರು ಪ್ರಾರ್ಥನೆ ಹಾಡುವವರು, ಇನ್ನೊಬ್ಬರು ಇವರು. ಇವರನ್ನು ಅಧ್ಯಕ್ಷೆ ಮಾಡಿದ್ದರು. ಎಲ್ಲರೂ ಗುಲಾಬಿ ಬಣ್ಣದ ಸೀರೆ ಉಡಬೇಕೆಂದು ಸೂಚನೆ ಇತ್ತು. ಇವರು ಬೂದು ಬಣ್ಣದ್ದು ಉಟ್ಟು ಬಂದಿದ್ದರು. ಒಬ್ಬ ವೈದ್ಯರು ಮನೆ ಮತ್ತು ಕಚೇರಿಯನ್ನು ಮಹಿಳೆ ಹೇಗೆ ಸರಿದೂಗಿಸಬೇಕು ಎಂಬುದರ ಬಗ್ಗೆ ಊಟದ ಹೊತ್ತು ಮೀರುವವರೆಗೆ ಮಾತಾಡಿದರು. ಮೊದಲ ಸಾಲಿನಲ್ಲಿ ಕೂತಿದ್ದ ಹೆಂಗಸರು ಗಡಿಯಾರ ನೋಡುತ್ತಿದ್ದರು. ಆ ದಿನದ ಕೌಂಟರ್ ಕೆಲಸ ಅವರಿಗಾಗಿ ಕಾದಿತ್ತು.

ನಡುವೆ ಎಂ.ಡಿ. ಬಗ್ಗಿ, “ಮೇಡಂ, ಸ್ವಲ್ಪ ಕಾಫಿ ನೋಡ್ತೀರಾ?” ಎಂದರು. ಇವರು “ನೋಡ್ತಾ ಇದೀನಿ ಸರ್,” ಎಂದು ಕೂತಲ್ಲೇ ಕೂತರು. ಬಾಗಿಲ ಬಳಿ ಇದ್ದ ಕಾಫಿ ಕ್ಯಾನು ಅಲ್ಲಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಎಂ.ಡಿ.ಯೇ ಎದ್ದು ಅಟೆಂಡರನ್ನು ಕರೆದರು.

ಮಾರನೆಯ ದಿನ ಬಸ್ಸಿನಲ್ಲಿ ನಾನು, “ವೇದಿಕೆಯಿಂದ ಏನಾದ್ರೂ ಉಪಯೋಗ ಆಗಬಹುದಾ ಅಕ್ಕ?” ಎಂದು ಕೇಳಿದೆ.

“ಅದರಲ್ಲಿ ಮಾತಾಡಿದ್ದು ಟೀ ಅಂಗಡಿಗೆ ತಲುಪಿದ್ರೆ ಆಗುತ್ತೆ,” ಅಂದರು. “ಎಷ್ಟು ಜನ ಹೆಂಗಸರು ಸಾಲ ವಿಭಾಗದಲ್ಲಿದಾರೆ, ಎಷ್ಟು ಜನಕ್ಕೆ ಬ್ರಾಂಚ್ ಕೊಡ್ತೀರಿ ಅಂತ ಪ್ರತಿ ಸಭೇಲಿ ಕೇಳಾಣ ಅಂತ ಬರ್ಕೊಂಡು ಹೋಗಿದ್ದೆ. ಕಾರ್ಯಕ್ರಮ ಪಟ್ಟೀಲಿ ಅದಕ್ಕೆ ಜಾಗ ಇರಲಿಲ್ಲ. ರಂಗೋಲಿಗಿತ್ತು.”

ವೇದಿಕೆಗೆ ವಾಟ್ಸಾಪ್ ಗುಂಪು ಕೂಡ ಆಯಿತು. ಬೆಳಿಗ್ಗೆ ಶುಭೋದಯದ ಹೂವುಗಳು ಬರುತ್ತಿದ್ದವು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ನಮಗೆ ಸೀಟು ಸಿಗುವುದೂ ಕಷ್ಟವಾಯಿತು. ಎಲ್ಲರಿಗೂ ಒಳ್ಳೆಯದಾದದ್ದು ನಮ್ಮ ಮಾತಿಗೆ ಒಳ್ಳೆಯದಾಗಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ ನೇತಾಡಿಕೊಂಡು ಹೋಗುತ್ತಿದ್ದೆವು. ಕೊನೆಗೆ ಖಾಸಗಿ ಬಸ್ಸಿಗೆ ಬದಲಾದೆವು. “ಕಾಸು ಕೊಟ್ಟು ಕೂರಾಣ. ಸಭಾಂಗಣದ ಬಾಡಿಗೆ ಅನ್ಕಳಿ,” ಅಂದರು.

ಆ ಖಾಸಗಿ ಬಸ್ಸಿನಲ್ಲೇ ಅದು ನಡೆದದ್ದು. ಸಂಜೆಯ ಬಸ್ಸು; ಶಿವಮೊಗ್ಗದಿಂದ ವಾಪಸು. ಅಂದು ಅಪರೂಪಕ್ಕೆ ನಾನೂ ಬೇಗ ಹೊರಟಿದ್ದೆ. ಅವರಿಗೆ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಸೇತುವೆ ದಾಟಿ ವಿದ್ಯಾನಗರ ಕಳೆಯುವಾಗ ಅವರ ಫೋನು ಬಂತು. “ಹೂಂ ಸರ್. ಹೂಂ ಸರ್. ಭದ್ರಾವತಿನಾ ಸರ್?” ಎಂದರು. ಮುಂದೆ ಕೂತಿದ್ದ ನಾವು ಮೂವರೂ ತಿರುಗಿದೆವು. ಅವರ ಮುಖ ಎಂದಿನಂತೆಯೇ ಇತ್ತು. ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ಮನೇಲಿ ಕೇಳಿ ಹೇಳ್ತೀನಿ ಸರ್.”

ಫೋನು ಇಟ್ಟರು. ನಸೀಮಾ ತಮ್ಮ ಬ್ಯಾಗಿನಿಂದ ಮನೆಯ ಕೀಲಿಗೊಂಚಲು ತೆಗೆದು, ತಿರುಗಿ, ಅವರ ಮುಂದಿನ ಕಂಬಿಗೆ ಟಕ್ ಟಕ್ ಎಂದು ಬಡಿದರು.

“ಏನಕ್ಕ ಇದು? ನಮ್ಮ ಜೀವ ತೆಗೆದ್ರಿ ಇಷ್ಟು ವರ್ಷ!”

“ಮನೇಲೇ ಕೇಳ್ತಿರೋದು. ಇದೇ ಮನೆ,” ಅಂದರು ಅವರು. “ಭದ್ರಾವತಿ ಬ್ರಾಂಚ್ ನೋಡ್ಕೊಳ್ತೀರಾ ಅಂತಿದಾರೆ. ಇನ್‌ಚಾರ್ಜ್ ಅಲ್ಲ, ಪೂರ್ತಿ. ನನಗೆ ಉಳಿದಿರೋದು ಎಷ್ಟು ದಿನ? ನಾನು ಕೂತ್ರೆ ಒಂದು ಫೋಟೋ ಆಗುತ್ತೆ. ಸೆಲ್ವಿ ಕೂತ್ರೆ ಕೆಲಸ ಆಗುತ್ತೆ. ಅವಳ ಹೆಸರು ಹೇಳಾಣ ಅಂತಿದೀನಿ. ಏನಂತೀರಿ?”

ಸೆಲ್ವಿ ಎದ್ದು ನಿಂತೇಬಿಟ್ಟಳು. “ಬೇಡಕ್ಕ! ಕಾದಿದ್ದು ನೀವು. ನೀವಿರುವಾಗ ನಾನು ಅಲ್ಲಿ ಹೆಂಗ್ ಕೂರ್ಲಿ? ನನಗೆ ಅನ್ನ ಇಳಿಯುತ್ತಾ?”

“ಅಳೋದು ಬೇಡ, ಲೆಕ್ಕ ಹೇಳು.”

“ಲೆಕ್ಕಾನೇ ಹೇಳ್ತೀನಿ. ನೀವು ಕೂತ್ರೆ ಒಬ್ಬ ಹೆಂಗಸು ಕೂತಂಗಾಗುತ್ತೆ. ಆಮೇಲೆ ನಾನು ಕೇಳಬಹುದು. ಯಾರೂ ಕೂರದೇ ಇದ್ರೆ ನಾನು ಏನಂತ ಕೇಳ್ಲಿ?”

“ಅರೆ, ಮೊದ್ಲು ಹೂಂ ಅನ್ನಿ! ಫೋನ್ ಮಾಡಿ ಹೂಂ ಅನ್ನಿ. ಆಮೇಲೆ ಇಬ್ಬರೂ ಒಂದೇ ಕುರ್ಚೀಲಿ ಕೂತ್ಕಳಿ, ಯಾರ್ ಬೇಡ ಅಂದ್ರು?” ಎಂದರು ನಸೀಮಾ.

ಕಂಡಕ್ಟರು ಸೆಲ್ವಿಯನ್ನು ಕೂರಿಸಿದ. ಮಾಚೇನಹಳ್ಳಿ ಬಂತು, ಹೋಯಿತು. ಭದ್ರಾವತಿಯಲ್ಲಿ ಇಳಿದ ಮೇಲೂ ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತು ಮಾತು ಮುಂದುವರಿಯಿತು. ಅವರು ಅಂದು ತೀರ್ಮಾನಿಸಲಿಲ್ಲ. ಎಲ್ಲರೂ ಒಪ್ಪಿದ ಮೇಲೆ ಹೇಳಬೇಕು ಎಂಬುದು ಅವರ ಹಟ. ವರ್ಷಗಟ್ಟಲೆ ಬಸ್ಸಿನಲ್ಲಿ ಎಲ್ಲವನ್ನೂ ಕೂಡಿ ಮಾತಾಡಿದವರು, ಅತಿ ದೊಡ್ಡದನ್ನು ಒಬ್ಬರೇ ಹೇಗೆ ತೀರ್ಮಾನಿಸುತ್ತಾರೆ? ಮಾರನೆಯ ಬೆಳಿಗ್ಗೆಯ ಬಸ್ಸಿನಲ್ಲಿ ಸೆಲ್ವಿ ಅರೆಮನಸ್ಸಿನಿಂದ ತಲೆ ಆಡಿಸಿದಳು. ಶಿವಮೊಗ್ಗದಲ್ಲಿ ಇಳಿದು ಅವರು ಎಂ.ಡಿ.ಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ, ಎಂ.ಡಿ. ಜೋರಾಗಿ ಮಾತಾಡುವವರು.

“ಅಯ್ಯೋ ಮೇಡಂ, ನೀವು ಮನೇಲಿ ಕೇಳ್ತೀನಿ ಅಂದ್ರಿ. ನಿಮಗೆ ಇಷ್ಟ ಇಲ್ವೇನೋ ಅಂತ ಸಂಜೇನೇ ಇನ್ನೊಬ್ರಿಗೆ ಹೇಳಿಬಿಟ್ವಿ. ಅವರು ಆಯ್ತು ಅಂದ್ರು.”

“ಎಲ್ಲಿ ಸಿಕ್ಕಿದ್ರು ಸರ್ ಅವರು?” ಎಂದು ಮಾತ್ರ ಕೇಳಿದರು.

“ಇಲ್ಲೇ, ಟೀ ಕುಡೀತಾ ಇದ್ರು.”

ಅವರು ಆಟೋ ಹಿಡಿದು ಬ್ಯಾಂಕಿಗೆ ಹೋದರು. ನಾನು ನಡೆದು ಪತ್ರಿಕೆಯ ಕಚೇರಿಗೆ ಹೋದೆ. ಸೆಲ್ವಿ ಬಹಳ ದಿನ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಸಿಗದೇ ಹೋದದ್ದಕ್ಕಲ್ಲ, ಅವರಿಗೆ ಸಿಗಬೇಕಾದ್ದು ತನ್ನ ಹೆಸರಿನಿಂದ ತಪ್ಪಿತು ಎಂಬುದಕ್ಕೆ.

ಅವರ ಬೀಳ್ಕೊಡುಗೆಗೆ ನಾನು ಹೋಗಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಎಂ.ಡಿ. ಭಾಷಣದಲ್ಲಿ ಮೇಡಂ ನಮ್ಮ ಸಂಸ್ಥೆಗೆ ತಾಯಿಯಂತಿದ್ದರು ಎಂದರು. ಕಣ್ಣೂ ಒರೆಸಿಕೊಂಡರು, ಅದು ನಿಜವಾದ ಕಣ್ಣೀರೇ. ಇವರು ಮೈಕಿನ ಮುಂದೆ ನಿಂತು, ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹೀಗೆ ಹೇಳಿದರು: “ತಾಯಿ ಅಂದ್ರಿ, ಸಂತೋಷ. ತಾಯಿಗೆ ಪ್ರಮೋಷನ್ ಇರೋದಿಲ್ಲ. ಇನ್ನು ಮುಂದೆ ಬರೋರನ್ನ ಮೇಡಂ ಅಂತಲೇ ಕರೀರಿ.” ಅಷ್ಟೇ. ಚಪ್ಪಾಳೆ ಸ್ವಲ್ಪ ತಡವಾಗಿ ಬಂತು.

ಒಂದೆರಡು ವರ್ಷಗಳ ನಂತರ ಭದ್ರಾವತಿಯ ಕುರ್ಚಿ ಮತ್ತೆ ಖಾಲಿಯಾಯಿತು. ಎಂ.ಡಿ. ಆಗಲೂ ಅವರೇ. ಸೆಲ್ವಿಯನ್ನು ಕೋಣೆಗೆ ಕರೆದು ಕೇಳಿದರು. “ಆಯ್ತು ಸರ್,” ಅಂದಳು. ಈ ಸಲ ಎಂ.ಡಿ.ಗೇ ಹೆದರಿಕೆ. “ಆತುರ ಇಲ್ಲಮ್ಮ, ಮನೇಲಿ ಒಂದು ಮಾತು ಕೇಳಿ.”

“ಕೇಳಾಗಿದೆ ಸರ್,” ಅಂದಳಂತೆ ಸೆಲ್ವಿ. “ಬಸ್ಸಲ್ಲಿ.”

ಎಂ.ಡಿ.ಗೆ ಅರ್ಥವಾಗಲಿಲ್ಲ. ಸೆಲ್ವಿ ಹೊರಗೆ ಬಂದು ಮೊದಲು ಫೋನು ಮಾಡಿದ್ದು ಇವರಿಗೆ. ಆಗಲೇ ಇವರಿಗೆ ಕಾಯಿಲೆ ಹಿಡಿದಿತ್ತು, ದನಿ ಸಣ್ಣದಾಗಿತ್ತು. ಶುಭಾಶಯ ಹೇಳಲಿಲ್ಲ. “ಡ್ರಾಯರ್ ಕೀ ಇಸ್ಕೊಂಡ್ಯಾ?” ಎಂದು ಕೇಳಿದರು.

ಜಾಹೀರಾತನ್ನು ಕೈಯಲ್ಲಿಟ್ಟುಕೊಂಡು ನಾನು ಸೆಲ್ವಿಗೇ ಫೋನು ಮಾಡಿದೆ. ಅವಳು ಶಾಖೆಯಲ್ಲಿದ್ದಳು. ಸಾವಿನ ಸುದ್ದಿ ಅವಳಿಗೆ ಬೆಳಿಗ್ಗೆಯೇ ತಿಳಿದಿತ್ತು. ಮ್ಯಾನೇಜರ್ ಅಂತ ಹಾಕಿದಾರೆ, ಹಾಗೇ ಬಿಡಲಾ ಎಂದು ಕೇಳಿದೆ. ಬಿಡಿ ಅನ್ನುತ್ತಾಳೆ ಅಂದುಕೊಂಡಿದ್ದೆ.

“ತೆಗೀರಿ ಅಕ್ಕ,” ಅಂದಳು. “ಕೊಡಲಿಲ್ಲ ಅಲ್ವಾ? ಹಾಕಿದ್ರೆ ಕೊಟ್ಟಂಗಾಗುತ್ತೆ.” ಆಮೇಲೆ, “ಈಗ ಬಸ್ಸಲ್ಲಿ ಯಾರೂ ಇಲ್ಲ ಅಕ್ಕ. ಹೊಸ ಹುಡುಗೀರೆಲ್ಲ ಸ್ಕೂಟೀಲಿ ಬರ್ತಾರೆ, ಸ್ಕೂಟೀಲಿ ಹೋಗ್ತಾರೆ. ನಾನು ಯಾರಿಗೆ ಹೇಳ್ಲಿ?” ಅಂದಳು. ವೇದಿಕೆ ಇದೆಯಲ್ಲ ಎಂದೆ. ಈ ವರ್ಷ ನೇರಳೆ ಬಣ್ಣದ ಸೀರೆಯಂತೆ ಎಂದಳು. ಹಿಂದೆ ಯಾರೋ ಮೇಡಂ ಎಂದು ಕರೆದರು. ಫೋನು ಇಟ್ಟಳು.

ನನಗೆ ತೆಗೆಯುವ ಅಧಿಕಾರವಿರಲಿಲ್ಲ. ಜಾಹೀರಾತಿನ ಜೊತೆ ಇದ್ದ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಅವರ ಮಗಳು, ವಿದ್ಯಾನಗರದಲ್ಲಿರುವವರು. ನಾನು ಯಾರೆಂದು ಹೇಳಿ, ಆ ಸಾಲಿನ ಬಗ್ಗೆ ಕೇಳಿದೆ.

“ಯಾಕೆ, ಅಮ್ಮ ಮ್ಯಾನೇಜರ್ ಅಲ್ವಾ? ನಾವು ಸ್ಕೂಲಿಗೆ ಹೋಗೋವಾಗಿಂದ ಹೇಳ್ತಿದ್ರಲ್ಲ, ‘ಇವತ್ತು ಭದ್ರಾವತಿ ಬ್ರಾಂಚ್ ನಂದೇ’ ಅಂತ.”

ಇನ್‌ಚಾರ್ಜ್ ದಿನಗಳ ಬಗ್ಗೆ ಹೇಳಿದೆ. ನಿಜವಾಗಿ ಕರೆ ಬಂದ ಸಂಜೆಯ ಬಗ್ಗೆಯೂ ಹೇಳಬೇಕಾಯಿತು. ಮನೇಲಿ ಕೇಳಿ ಹೇಳ್ತೀನಿ ಎಂದರು, ಅಷ್ಟರಲ್ಲಿ ಬೇರೆಯವರಿಗೆ ಹೋಯಿತು ಎಂದೆ. ಆ ಕಡೆ ಯಾರೋ ಪಾತ್ರೆ ಇಡುವ ಸದ್ದು ಕೇಳಿಸಿತು.

“ಅಮ್ಮ ಮನೇಲಿ ಕೇಳಲೇ ಇಲ್ಲ ಅಲ್ರೀ,” ಅಂದರು ಮಗಳು. “ಆವತ್ತು ಅಪ್ಪ ಇದ್ರು, ನಾನೂ ಹೆರಿಗೆಗೆ ಅಲ್ಲೇ ಇದ್ದೆ. ಒಂದು ಮಾತು ಕೇಳಿದ್ರೆ ಸಾಕಿತ್ತು. ತಗೋ ಅಂತಿದ್ವಿ.”

ಹಾಗಾದರೆ ಆ ಸಾಲು ಏನು ಮಾಡಲಿ ಎಂದು ಕೇಳಿದೆ.

“ತೆಗೀರಿ ಆ ಸಾಲು,” ಎಂದರು. “ಅದರ ಬದ್ಲು ಏನೂ ಬೇಡ.”

ತೆಗೆದೆ. ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಉಳಿಯಿತು. ಪುಟ ಕಟ್ಟುವವರು ಅದನ್ನು ನೋಡಿ, ನನ್ನನ್ನು ಕೇಳದೆಯೇ, ಅವರ ಭಾವಚಿತ್ರವನ್ನು ಅಷ್ಟು ದೊಡ್ಡದು ಮಾಡಿದರು.